ನೆಲ ಮುಟ್ಟಿದ ಮೇಲೆ



ಈ ಅಂಕಣದಲ್ಲಿ ನಾನು ಸಾಮಾನ್ಯವಾಗಿ ನನಗೆ ತಿಳಿದ ವಿಷಯಗಳನ್ನು ಕುರಿತೇ ಬರೆಯುತ್ತ ಬಂದವನು. ಮಠದ ಪಾಠಶಾಲೆಯಲ್ಲಿ ವ್ಯಾಕರಣ, ಛಂದಸ್ಸು, ತರ್ಕಗಳನ್ನು ಓದಿಕೊಂಡವನಿಗೆ ವಿಮಾನದ ಗೊಡವೆ ಏತಕ್ಕೆಂದು ತಾವು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಜೀವಮಾನದಲ್ಲಿ ನಾನು ವಿಮಾನ ಏರಿದ್ದು ನಾಲ್ಕು ಸಲ. ನಾಲ್ಕು ಸಲವೂ ಕಿಟಕಿಯ ಪಕ್ಕದ ಆಸನವನ್ನು ಬೇರೆಯವರಿಗೆ ಬಿಟ್ಟುಕೊಟ್ಟವನು. ಆದರೂ ಈ ತಿಂಗಳು, ಸಣ್ಣ ವಿಮಾನವೊಂದು ನೆಲಕ್ಕಿಳಿಯುವಾಗ ಹತೋಟಿ ತಪ್ಪುವ ಬಗೆಯನ್ನು ಕುರಿತು ಬರೆಯಬೇಕಾಗಿ ಬಂದಿದೆ. ನಮ್ಮ ಬಳಗದ ಮನೆಯೊಂದರಲ್ಲಿ ಎರಡು ತಿಂಗಳಿನಿಂದ ಇದೇ ಮಾತು, ಇದೇ ಚಿಂತೆ. ಆ ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರುಗಳನ್ನು ಮಾತ್ರ ಬಿಟ್ಟಿದ್ದೇನೆ.

ಆ ಮನೆಯ ಹಿರಿಯ ಮಗ ಅಮೆರಿಕೆಯ ಟೆಕ್ಸಾಸ್ ರಾಜ್ಯದಲ್ಲಿ ಎಂಜಿನಿಯರ್. ಚಿಕ್ಕಂದಿನಲ್ಲಿ ಅಂಗಳದಲ್ಲಿ ನಿಂತು ಆಕಾಶದಲ್ಲಿ ಹೋಗುವ ವಿಮಾನಕ್ಕೆ ಕೈಬೀಸುತ್ತಿದ್ದ ಹುಡುಗ, ಅಲ್ಲಿ ವಾರದ ರಜೆಗಳಲ್ಲಿ ವಿಮಾನ ನಡೆಸುವ ವಿದ್ಯೆಯನ್ನು ಕಲಿತು ಪರವಾನಿಗೆಯನ್ನೂ ಪಡೆದ. ಅವನು ಕಲಿತದ್ದು ಸೆಸ್ನಾ 172 ಎಂಬ ಮಾದರಿಯಲ್ಲಿ. ಮೂಗಿನಡಿ ಒಂದು ಗಾಲಿ, ಹೊಟ್ಟೆಯಡಿ ಎರಡು ಗಾಲಿ, ಇದು ಅದರ ರಚನೆ. ಅನಂತರ ಅವನಿಗೆ ಹಳೆಯ ಪದ್ಧತಿಯ ವಿಮಾನವನ್ನು ನಡೆಸಬೇಕೆಂಬ ಆಸೆ ಹುಟ್ಟಿತು. ಅದರಲ್ಲಿ ಎರಡು ದೊಡ್ಡ ಗಾಲಿಗಳು ಮುಂದೆ ಇರುತ್ತವೆ. ಮೂರನೆಯದಾದ ಪುಟ್ಟ ಗಾಲಿ ಬಾಲದ ತುದಿಯಲ್ಲಿರುತ್ತದೆ. ನೆಲದ ಮೇಲೆ ನಿಂತಾಗ ಮೂಗು ಮೇಲಕ್ಕೂ ಬಾಲ ಕೆಳಕ್ಕೂ ಇದ್ದು, ಕುಳಿತ ನಾಯಿ ಮುಖವೆತ್ತಿ ನೋಡಿದಂತೆ ಕಾಣುತ್ತದೆ. ಅವನು ಹಿಡಿದದ್ದು ಸಿಟಾಬ್ರಿಯಾ ಎಂಬ ಎರಡು ಆಸನಗಳ ವಿಮಾನ. ಗಾಳಿಯಲ್ಲಿ ಲಾಗ ಹಾಕುವ ಕಸರತ್ತನ್ನು ಸೂಚಿಸುವ ಒಂದು ಇಂಗ್ಲಿಷ್ ಪದವನ್ನು ಹಿಂದುಮುಂದಾಗಿ ಓದಿದರೆ ಈ ಹೆಸರು ಬರುತ್ತದೆಯಂತೆ. ಹೆಸರಿಡುವ ಇಂಥ ಚಮತ್ಕಾರ ನಮ್ಮ ಚಿತ್ರಕವಿಗಳಿಗೆ ಮೆಚ್ಚಿಗೆಯಾಗುತ್ತಿತ್ತೇನೋ.

ಶಿಕ್ಷಕರು ಪಕ್ವನೆಂದು ಒಪ್ಪಿದ ಮೇಲೆ ಒಂದು ಸಂಜೆ ಅವನು ಒಬ್ಬನೇ ಹಾರಿ ಇಳಿಯುತ್ತಿದ್ದ. ಎಡಗಡೆಯಿಂದ ಹದವಾದ ಗಾಳಿ. ಮೂರು ಗಾಲಿಗಳೂ ಏಕಕಾಲಕ್ಕೆ ನೆಲ ಮುಟ್ಟಿದವು; ಬಹಳ ಚೆನ್ನಾಗಿ ಇಳಿದೆನೆಂದು ಅವನಿಗೆ ಅನ್ನಿಸಿತು. ಅನ್ನಿಸಿದ ಮರುಕ್ಷಣ ಮೂಗು ಎಡಕ್ಕೆ ಹೊರಳಿತು. ಅವನು ಬಲಗಾಲಿನ ಪೆಡಲನ್ನು ಪೂರ್ತಿ ಒತ್ತಿದ. ವಿಮಾನ ಕೇಳಲಿಲ್ಲ. ರನ್‌ವೇಗೆ ಅಡ್ಡವಾಗಿ ತಿರುಗಿ, ಬಲರೆಕ್ಕೆಯ ತುದಿ ನೆಲಕ್ಕುಜ್ಜಿ, ಬಲಗಾಲಿಯ ಕಾಲು ಮಡಚಿ, ಮುಂದಣ ಪ್ರೊಪೆಲರ್ ನೆಲಕ್ಕೆ ಬಡಿದು ಹುಲ್ಲಿನಲ್ಲಿ ಹೋಗಿ ನಿಂತಿತು. ಅವನ ಮೈಗೆ ಒಂದು ಗೀರೂ ಇಲ್ಲ. ಇಷ್ಟೆಲ್ಲವೂ ಆರೇಳು ಸೆಕೆಂಡುಗಳಲ್ಲಿ ಮುಗಿಯಿತು.

ಯಾರೋ ತೆಗೆದ ವಿಡಿಯೋ ತಾಯಿಯ ಫೋನಿಗೆ ಬಂತು. ಆ ತಾಯಿ ಅದನ್ನು ಎಷ್ಟು ಸಲ ನೋಡಿದರೋ! "ನೀವಾದರೂ ಅವನಿಗೆ ಬುದ್ಧಿ ಹೇಳಬೇಕ್ರಿ, ಇನ್ನು ಅದನ್ನು ಮುಟ್ಟಬಾರದು," ಎಂದು ನನ್ನನ್ನು ಕರೆಸಿಕೊಂಡು ಕಣ್ಣೀರಿಟ್ಟರು. ತಂದೆಯ ಚಿಂತೆ ಬೇರೆ. ಹುಡುಗ ವಿಮಾನದ ಒಡೆಯರಿಗೂ ವಿಮಾ ಕಂಪನಿಗೂ ಬರೆದುಕೊಟ್ಟ ಹೇಳಿಕೆಯಲ್ಲಿ, ಇಳಿದಾಯಿತೆಂದು ತಿಳಿದು ತಾನು ಕಾಲುಗಳ ಕೆಲಸವನ್ನು ನಿಲ್ಲಿಸಿದ್ದೇ ಕಾರಣವೆಂದು ಸ್ಪಷ್ಟವಾಗಿ ಹೇಳಿದ್ದ. "ಗಾಳಿ ಬೀಸಿದ್ದು ಸುಳ್ಳಲ್ಲವಲ್ಲ. ಗಾಳಿಯ ಹೊಡೆತದಿಂದ ಆಯಿತೆಂದು ಬರೆದಿದ್ದರೆ ಯಾರಿಗೆ ನಷ್ಟವಿತ್ತು? ತಪ್ಪನ್ನು ತಾನೇ ಕೊರಳಿಗೆ ಕಟ್ಟಿಕೊಂಡ," ಎಂಬುದು ಅವರ ಅಳಲು. ಗಾಳಿ ಕಾರಣವೋ, ಹುಡುಗ ಕಾರಣವೋ, ಆ ಯಂತ್ರವೇ ದುಷ್ಟವೋ ಹೇಳಿರೆಂದು ನನ್ನನ್ನೇ ಕೇಳಿದರು.

ತಿಳಿಯದ ವಿಷಯದಲ್ಲಿ ತೀರ್ಪು ಕೊಡಬಾರದೆಂಬುದು ನಮ್ಮ ಗುರುಗಳು ಹಾಕಿಕೊಟ್ಟ ಪಾಠ. ನಮ್ಮ ಊರಿನಲ್ಲಿಯೇ ಎಂಬತ್ತು ದಾಟಿದ ಹಿರಿಯರೊಬ್ಬರು ವಿಶ್ರಾಂತ ಜೀವನ ನಡೆಸುತ್ತಿದ್ದಾರೆ. ಓಣಿಯವರು ಅವರನ್ನು ಕ್ಯಾಪ್ಟನ್ ಸಾಹೇಬರೆನ್ನುತ್ತಾರೆ. ಹಿಂದೆ ಫ್ಲೈಯಿಂಗ್ ಕ್ಲಬ್ಬೊಂದರಲ್ಲಿ ಬಹುಕಾಲ ಹುಡುಗರಿಗೆ ವಿಮಾನ ನಡೆಸುವುದನ್ನು ಕಲಿಸಿದವರು. ವಿಡಿಯೋವನ್ನು ತೆಗೆದುಕೊಂಡು ಅವರಲ್ಲಿಗೆ ಹೋದೆ.

ಒಂದೇ ಸಲ ನೋಡಿದರು. "ಪಂಡಿತರೇ, ಇದಕ್ಕೆ ಗ್ರೌಂಡ್ ಲೂಪ್ ಅಂತಾರೆ. ವಿಮಾನ ನೆಲದ ಮೇಲೆ ತನ್ನ ಬಾಲವನ್ನು ತಾನೇ ಅಟ್ಟಿಸಿಕೊಂಡು ಹೋಗುವುದು," ಎಂದರು. ಅನಂತರ ಒಳಗೆ ಹೋಗಿ ಮರಿಮೊಮ್ಮಗನ ಆಟದ ಬಾಣವೊಂದನ್ನು ತಂದರು. ಜಾತ್ರೆಯಲ್ಲಿ ಕೊಂಡ ಬಿದಿರಿನ ಬಾಣ. ಮುಂದೆ ಮೇಣದ ಉಂಡೆ, ಹಿಂದೆ ಕಾಗದದ ಗರಿ. ಅದನ್ನು ಮೊನೆ ಮುಂದಾಗಿ ಎಸೆದರು. ನೇರವಾಗಿ ಹೋಗಿ ಬಾಗಿಲಿಗೆ ತಗುಲಿತು. ಹೆಕ್ಕಿ ತಂದು ನನ್ನ ಕೈಗೆ ಕೊಟ್ಟು, ಗರಿ ಮುಂದಾಗಿ ಎಸೆಯಿರೆಂದರು. ಎಸೆದೆ. ಅರ್ಧದಾರಿಯಲ್ಲಿಯೇ ಅದು ಗರಕ್ಕನೆ ತಿರುಗಿ ಮೊನೆಯನ್ನು ಮುಂದೆ ಮಾಡಿಕೊಂಡಿತು.

ಭಾರ ಮುಂದಿದ್ದು, ತಡೆಯುವ ಶಕ್ತಿ ಹಿಂದಿದ್ದರೆ ವಸ್ತುವು ತಾನಾಗಿಯೇ ನೇರ ಸಾಗುತ್ತದೆ. ತಡೆ ಮುಂದಾಗಿ ಭಾರ ಹಿಂದಾದರೆ, ಹಿಂದಿನ ಭಾರವು ಮುಂದಕ್ಕೆ ಬರಲು ಹವಣಿಸುತ್ತದೆ, ವಸ್ತು ತಿರುಗಿಬೀಳುತ್ತದೆ. ಆಕಾಶದಲ್ಲಿರುವಾಗ ವಿಮಾನದ ಬಾಲದ ಫಲಕವೇ ಬಾಣದ ಗರಿ. ಅದು ಹಿಂದಿದೆ, ಭಾರ ಅದಕ್ಕಿಂತ ಮುಂದಿದೆ. ಆದುದರಿಂದ ವಿಮಾನವು ಗಾಳಿಯಲ್ಲಿ ಸಾಧುಪ್ರಾಣಿ. ನೆಲ ಮುಟ್ಟಿದ ಕ್ಷಣದಲ್ಲಿ ಸಂಗತಿ ಬದಲಾಗುತ್ತದೆ. ಈಗ ತಡೆಯೆಂದರೆ ನೆಲವನ್ನು ಕಚ್ಚಿ ಹಿಡಿಯುವ ಗಾಲಿಗಳು. ಮೂಗಿನ ಗಾಲಿಯ ವಿಮಾನದಲ್ಲಿ ಎರಡು ದೊಡ್ಡ ಗಾಲಿಗಳು ಭಾರದ ಕೇಂದ್ರಕ್ಕಿಂತ ಹಿಂದಿರುತ್ತವೆ. ಅದು ತುಸು ಓರೆಯಾಗಿ ಇಳಿದರೂ ಅದರ ಭಾರವೇ ಅದನ್ನು ನೇರಕ್ಕೆ ಎಳೆಯುತ್ತದೆ. ಬಾಲದ ಗಾಲಿಯ ವಿಮಾನದಲ್ಲಿ ದೊಡ್ಡ ಗಾಲಿಗಳು ಭಾರಕ್ಕಿಂತ ಮುಂದಿರುತ್ತವೆ. ಅಂದರೆ ಇಲ್ಲಿಯವರೆಗೆ ಮೊನೆ ಮುಂದಾಗಿ ಹಾರಿಬಂದ ಬಾಣವು, ನೆಲ ಮುಟ್ಟುತ್ತಲೇ ಗರಿ ಮುಂದಾದ ಬಾಣವಾಗಿಬಿಡುತ್ತದೆ! ಯಂತ್ರ ಅದೇ, ನಡೆಸುವವನೂ ಅವನೇ. ಸ್ವಭಾವ ಮಾತ್ರ ಬೇರೆ. ಈ ಒಂದು ಮಾತು ತಿಳಿದ ಮೇಲೆ ನನಗೆ ಉಳಿದದ್ದೆಲ್ಲ ಸುಲಭವಾಗಿ ಅರ್ಥವಾಯಿತು.

ಒಂದು ಅಂಗುಲದ ಓರೆ ಎರಡು ಅಂಗುಲವಾಗುತ್ತದೆ, ಎರಡು ನಾಲ್ಕಾಗುತ್ತದೆ. ಓರೆಯಾದಷ್ಟೂ ಗಾಲಿಗಳು ಅಡ್ಡಕ್ಕೆ ಉಜ್ಜುತ್ತವೆ. ಉಜ್ಜಿದಷ್ಟೂ ಹಿಂದಿನ ಭಾರ ಪಕ್ಕಕ್ಕೆ ನುಗ್ಗುತ್ತದೆ. ತಿರುವು ಬಿಗಿಯಾದಂತೆ ವಿಮಾನವು ಹೊರಗಡೆಗೆ ವಾಲುತ್ತದೆ. ವೇಗವಾಗಿ ತಿರುಗುವ ಬಸ್ಸಿನಲ್ಲಿ ನಾವು ಹೊರಮಗ್ಗುಲಿಗೆ ವಾಲುವುದಿಲ್ಲವೇ, ಹಾಗೆ. ನಮ್ಮ ಹುಡುಗನ ವಿಮಾನ ಎಡಕ್ಕೆ ತಿರುಗಿದ್ದರಿಂದ ನೆಲಕ್ಕುಜ್ಜಿದ್ದು ಬಲರೆಕ್ಕೆ, ಮಡಚಿದ್ದು ಬಲಗಾಲು. ಮೊದಲೇ ಎಡಗಡೆಯಿಂದ ಬೀಸುತ್ತಿದ್ದ ಗಾಳಿಯು ಎತ್ತರವಾದ ಬಾಲದ ಫಲಕವನ್ನು ಬಲಕ್ಕೆ ತಳ್ಳಿ, ಮೂಗನ್ನು ತನ್ನತ್ತ ತಿರುಗಿಸಿಕೊಂಡಿತ್ತು. ಮಾಳಿಗೆಯ ಮೇಲೆ ಗಾಳಿಯ ದಿಕ್ಕು ತೋರಿಸಲು ಇಡುವ ತಗಡಿನ ಕೋಳಿಯೂ ಹೀಗೆಯೇ ಗಾಳಿಗೆ ಮುಖ ಮಾಡುತ್ತದೆ.

ಹಾಗಾದರೆ ಬಲಗಾಲಿನಿಂದ ಪೂರ್ತಿ ಒತ್ತಿದಾಗಲೂ ಏಕೆ ಕೇಳಲಿಲ್ಲವೆಂದು ಕೇಳಿದೆ. ಸಾಹೇಬರು ಹೇಳಿದ ಉತ್ತರ ನನ್ನ ಮನಸ್ಸಿನಲ್ಲಿ ಬಹುದಿನ ಉಳಿಯಿತು. ಪೆಡಲು ಒತ್ತಿದರೆ ತಿರುಗುವುದು ಬಾಲದಲ್ಲಿರುವ ಚುಕ್ಕಾಣಿ. ಅದಕ್ಕೆ ಶಕ್ತಿ ಬರುವುದು ಅದರ ಮೇಲೆ ಹಾಯುವ ಗಾಳಿಯಿಂದ. ಇಳಿಯುವ ಹೊತ್ತಿಗೆ ಗಂಟೆಗೆ ಸುಮಾರು 80 ಕಿಲೋಮೀಟರ್ ವೇಗವಿರುತ್ತದೆ. ಆಗ ಚುಕ್ಕಾಣಿ ಚುರುಕು. ವೇಗ ಪೂರ್ತಿ ಇಳಿದು ಎತ್ತಿನ ಬಂಡಿಯ ನಡಿಗೆಗೆ ಬಂದಾಗ ಬಾಲದ ಪುಟ್ಟ ಗಾಲಿಯೂ ಬ್ರೇಕೂ ಸೇರಿ ದಿಕ್ಕನ್ನು ಕಾಯುತ್ತವೆ. ಇವೆರಡರ ನಡುವೆ ಕೆಲವು ಕ್ಷಣಗಳಿವೆ. ಆಗ ಗಾಳಿಯ ಬಲ ಕೈಬಿಡುತ್ತಿರುತ್ತದೆ, ನೆಲದ ಬಲ ಇನ್ನೂ ಪೂರ್ತಿ ಕೈಗೂಡಿರುವುದಿಲ್ಲ. ಕಲಿಯುವವನ ಮನಸ್ಸು "ಇಳಿದಾಯಿತು" ಎಂದು ನಿಟ್ಟುಸಿರು ಬಿಡುವುದು ಸರಿಯಾಗಿ ಅದೇ ಕ್ಷಣಗಳಲ್ಲಿ. ಗಾಬರಿಯಿಂದ ಬ್ರೇಕನ್ನು ಬಲವಾಗಿ ಒತ್ತಿದರೆ ಮತ್ತೊಂದು ಅನರ್ಥ: ಭಾರ ಗಾಲಿಗಳ ಮುಂದಕ್ಕೆ ಮುಗ್ಗರಿಸಿ ವಿಮಾನವು ಮೂಗಿನ ಮೇಲೆ ನಿಲ್ಲಬಹುದು, ಮಗುಚಲೂಬಹುದು.

ಇದನ್ನು ತಡೆಯುವ ಉಪಾಯ ದೊಡ್ಡದೇನೂ ಅಲ್ಲ. ಓರೆ ಕಣ್ಣಿಗೆ ಕಾಣುವ ಮುನ್ನವೇ ಕಾಲಿನಿಂದ ಪುಟ್ಟದಾಗಿ ಒತ್ತುವುದು, ಒತ್ತಿ ಕೂಡಲೇ ಬಿಡುವುದು, ಮತ್ತೆ ಇನ್ನೊಂದು ಕಾಲು. ಒತ್ತಿದ್ದನ್ನು ಬಿಡದಿದ್ದರೆ ವಿಮಾನ ಈಚೆ ದಿಕ್ಕಿಗೆ ಹೊರಳುತ್ತದೆ. ನಿಂತ ಮೇಲೂ ಗಾಳಿಯಿದ್ದರೆ ಎಂಜಿನ್ ಆರಿಸಿ, ಹಗ್ಗ ಕಟ್ಟುವವರೆಗೆ ಕೆಲಸ ಮುಗಿದಂತಲ್ಲ. ಇದನ್ನು ಕೇಳುತ್ತಿದ್ದಾಗ ನನಗೆ ನೆನಪಾದದ್ದು ನಮ್ಮ ಮಠದ ತೇರು. ಸಾವಿರ ಜನ ಹಗ್ಗ ಹಿಡಿದು ಎಳೆಯುತ್ತಾರೆ. ಎಲ್ಲರ ಕಣ್ಣು ಕಳಸದ ಮೇಲೆ. ಕೆಳಗೆ ಗಾಲಿಯ ಪಕ್ಕದಲ್ಲಿ ಬಾಗಿದ ಬೆನ್ನಿನಲ್ಲಿ ಓಡುವ ನಾಲ್ಕಾರು ಜನರಿರುತ್ತಾರೆ. ಮರದ ತುಂಡನ್ನು ಗಾಲಿಗೆ ಕೊಟ್ಟು, ತೆಗೆದು, ಮತ್ತೆ ಕೊಟ್ಟು ತೇರಿನ ದಿಕ್ಕನ್ನು ತಿದ್ದುವವರು ಅವರು. ತೇರು ಓರೆಯಾಯಿತೆಂದು ಜನಕ್ಕೆ ಕಾಣುವ ಹೊತ್ತಿಗೆ ತುಂಡು ಕೊಡುವ ಹೊತ್ತು ಮೀರಿಹೋಗಿರುತ್ತದೆ. ನಾನು ವಿದ್ಯಾರ್ಥಿಯಾಗಿದ್ದಾಗ ಆ ಕೆಲಸ ಮಾಡುತ್ತಿದ್ದ ಮುದುಕರೊಬ್ಬರು, ತೇರು ಮನೆ ಸೇರಿ ಜನ ಚದುರಿ ಊಟಕ್ಕೆ ಕುಳಿತ ಮೇಲೂ ಎರಡೂ ಗಾಲಿಗೆ ಅಡ್ಡಗಟ್ಟೆ ಇಟ್ಟೇ ಕೈ ತೊಳೆಯುತ್ತಿದ್ದರು.

ಇಷ್ಟು ತಂಟೆಯ ರಚನೆಯನ್ನು ಜನ ಏಕೆ ಮಾಡಿದರು? ವಿಮಾನಗಳ ಆದಿಕಾಲದಲ್ಲಿ ಈಗಿನಂತೆ ಡಾಂಬರಿನ ರನ್‌ವೇಗಳಿರಲಿಲ್ಲ. ವಿಶಾಲವಾದ ಹುಲ್ಲುಬಯಲುಗಳಿದ್ದವು. ಗಾಳಿ ಯಾವ ದಿಕ್ಕಿನಿಂದ ಬಂದರೂ ಅದಕ್ಕೆ ಎದುರಾಗಿಯೇ ಇಳಿಯಬಹುದಾಗಿತ್ತು. ಅಡ್ಡಗಾಳಿಯ ತೊಂದರೆಯೇ ಕಡಿಮೆ. ಹುಲ್ಲಿನ ಮೇಲೆ ಗಾಲಿ ಅಡ್ಡಕ್ಕೆ ಜಾರುವುದರಿಂದ ತಪ್ಪು ಬಹಳಷ್ಟು ಕ್ಷಮೆಯಾಗುತ್ತಿತ್ತು. ಬಾಲದಲ್ಲಿ ಗಾಲಿಯ ಬದಲು ನೆಲವನ್ನು ಗೀರುವ ಮರದ ಅಥವಾ ಕಬ್ಬಿಣದ ಕೋಲಿರುತ್ತಿತ್ತು. ಅದೇ ಬ್ರೇಕು, ಅದೇ ಲಂಗರು. ಮೂಗು ಮೇಲಿರುವುದರಿಂದ ತಿರುಗುವ ಪ್ರೊಪೆಲರ್ ಕಲ್ಲು ಮುಳ್ಳುಗಳಿಗೆ ತಾಕುವುದಿಲ್ಲ. ಅಲಾಸ್ಕದ ನದೀತೀರಗಳಂಥ ಒರಟು ಸ್ಥಳಗಳಲ್ಲಿ ಇಂದಿಗೂ ಇಂಥ ವಿಮಾನಗಳೇ ಪ್ರಿಯ. 1935ರಲ್ಲಿ ಮೊದಲು ಹಾರಿದ ಡಗ್ಲಾಸ್ ಡಿಸಿ-3 ಎಂಬ ಪ್ರಸಿದ್ಧ ವಿಮಾನಕ್ಕೂ ಗಾಲಿ ಬಾಲದಲ್ಲಿಯೇ. 1947ರ ಅಕ್ಟೋಬರಿನಲ್ಲಿ ನಮ್ಮ ಸೈನಿಕರನ್ನು ಶ್ರೀನಗರದಲ್ಲಿ ಇಳಿಸಿದ ದಕೋಟಗಳು ಇದೇ ಮಾದರಿಯವು. ಸಿಮೆಂಟು, ಡಾಂಬರುಗಳ ಕಿರಿದಾದ ದಾರಿಗಳು ಬಂದು, ಗಾಳಿ ಎತ್ತಲಿಂದ ಬೀಸಿದರೂ ಅದೇ ದಾರಿಯಲ್ಲಿ ಇಳಿಯಬೇಕಾಗಿ ಬಂದ ಮೇಲೆ ಈ ರಚನೆಯ ದೋಷ ಎದ್ದು ಕಂಡಿತು.

ಅಮೆರಿಕೆಯ ಫ್ರೆಡ್ ವೈಕ್ ಎಂಬ ಎಂಜಿನಿಯರರು 1930ರ ದಶಕದಲ್ಲಿ ಮೂಗಿನ ಗಾಲಿಯ ಸಣ್ಣ ವಿಮಾನವನ್ನು ರೂಪಿಸಿ, ಸಾಮಾನ್ಯರೂ ಸುರಕ್ಷಿತವಾಗಿ ಇಳಿಸಬಹುದೆಂದು ತೋರಿಸಿದರು. 1937ರಲ್ಲಿ ಮೊದಲು ಹಾರಿದ ಅವರ ಎರ್‌ಕೂಪ್‌ನ ಮೂಲರೂಪದಲ್ಲಿ ಚುಕ್ಕಾಣಿಯ ಪೆಡಲುಗಳೇ ಇರಲಿಲ್ಲ. ಅನಂತರ 1951ರಲ್ಲಿ ಪೈಪರ್ ಕಂಪನಿಯ ಟ್ರೈ-ಪೇಸರ್, 1956ರಲ್ಲಿ ಸೆಸ್ನಾ 172 ಬಂದವು. ಎರಡೂ ಹಿಂದಿನ ಬಾಲಗಾಲಿಯ ವಿಮಾನಗಳಿಗೆ ಮೂಗಿನ ಗಾಲಿ ಹಾಕಿ ತಿದ್ದಿದ ರೂಪಗಳೇ. ಸೆಸ್ನಾ 172 ಈವರೆಗೆ 44,000ಕ್ಕೂ ಹೆಚ್ಚು ತಯಾರಾಗಿ, ಜಗತ್ತಿನಲ್ಲಿ ಅತ್ಯಧಿಕ ಸಂಖ್ಯೆಯಲ್ಲಿ ನಿರ್ಮಿತವಾದ ವಿಮಾನವೆನಿಸಿದೆ. ಲಾಭ ದೊಡ್ಡದು, ಸಂದೇಹವಿಲ್ಲ. ಆದರೆ ಒಂದು ತಲೆಮಾರಿನ ಕಾಲುಗಳು ನಿರುದ್ಯೋಗಿಗಳಾದವೆಂದು ಸಾಹೇಬರು ನಕ್ಕರು. ಅಮೆರಿಕೆಯಲ್ಲಿ ಈಗ ಪರವಾನಿಗೆ ಇದ್ದ ಮಾತ್ರಕ್ಕೆ ಬಾಲಗಾಲಿಯ ವಿಮಾನವನ್ನು ನಡೆಸುವಂತಿಲ್ಲ. 1991ರ ಏಪ್ರಿಲ್ 15ಕ್ಕೆ ಮೊದಲೇ ಇಂಥ ವಿಮಾನದ ಚಾಲಕರಾಗಿ ಹಾರಿದವರನ್ನುಳಿದು ಮಿಕ್ಕವರೆಲ್ಲರೂ ಪ್ರತ್ಯೇಕ ತರಬೇತಿ ಪಡೆದು, ಶಿಕ್ಷಕರಿಂದ ಪುಸ್ತಕದಲ್ಲಿ ಬರೆಸಿಕೊಳ್ಳಬೇಕು. ನಮ್ಮ ಹುಡುಗನೂ ಬರೆಸಿಕೊಂಡಿದ್ದ.

ಈ ಸಂದರ್ಭದಲ್ಲಿ ಸಾಹೇಬರು ಹೇಳಿದ ಒಂದು ವಂಶಾವಳಿ ನನಗೆ ಬಲು ಸ್ವಾರಸ್ಯವೆನಿಸಿತು. ಬೆಂಗಳೂರಿನಲ್ಲಿ 1940ರ ಡಿಸೆಂಬರಿನಲ್ಲಿ ಹುಟ್ಟಿದ ಹಿಂದೂಸ್ತಾನ್ ಕಾರ್ಖಾನೆಯು 1951ರಲ್ಲಿ ವಿ. ಎಂ. ಘಾಟಗೆಯವರ ವಿನ್ಯಾಸದ ಎಚ್‌ಟಿ-2 ಎಂಬ ತರಬೇತಿ ವಿಮಾನವನ್ನು ಹಾರಿಸಿತು. 1958ರಲ್ಲಿ ದೇಶದ ಫ್ಲೈಯಿಂಗ್ ಕ್ಲಬ್ಬುಗಳಿಗಾಗಿ ಪುಷ್ಪಕವನ್ನು ಹಾರಿಸಿತು. ಎರಡಕ್ಕೂ ಗಾಲಿ ಬಾಲದಲ್ಲಿ. ಪುಷ್ಪಕವೆಂದರೆ ರಾಮಾಯಣದ್ದನ್ನು ನೆನೆಯಬೇಡಿ. ಇದು ಬಟ್ಟೆ ಹೊದಿಸಿದ, 90 ಅಶ್ವಶಕ್ತಿಯ, ಇಬ್ಬರು ಅಕ್ಕಪಕ್ಕ ಭುಜ ತಾಗಿಸಿ ಕೂರುವ ಸಣ್ಣ ವಿಮಾನ. ಇದಕ್ಕೆ ಮಾದರಿಯಾದದ್ದು ಅಮೆರಿಕೆಯ ಏರೋಂಕಾ ಕಂಪನಿಯ ಚೀಫ್. ಆ ಚೀಫ್‌ನ ಒಡಹುಟ್ಟು ಅದೇ ಕಂಪನಿಯ ಚಾಂಪಿಯನ್. ಆ ಚಾಂಪಿಯನ್‌ನ ಸಂತಾನವೇ 1964ರಲ್ಲಿ ಬಂದ ಸಿಟಾಬ್ರಿಯಾ. "ನಿಮ್ಮ ಹುಡುಗ ಕೆಡವಿದ್ದು ನನ್ನ ಪುಷ್ಪಕದ ದಾಯಾದಿಯನ್ನೇ," ಎಂದರು ಸಾಹೇಬರು. ಟೆಕ್ಸಾಸಿನ ಹುಲ್ಲಿನಲ್ಲಿ ಮುರಿದು ನಿಂತ ಆ ವಿಮಾನವು ಅದುವರೆಗೆ ನನಗೆ ಪರದೇಶದ ವಸ್ತುವಾಗಿತ್ತು. ಈ ಮಾತಿನಿಂದ ನಮ್ಮ ಕೇರಿಯದೇ ಆಯಿತು.

ಇನ್ನು ಗಾಳಿಯೋ ಹುಡುಗನೋ ಎಂಬ ಪ್ರಶ್ನೆ. ಇದರಲ್ಲಿ ದೊಡ್ಡವರೂ ತೊಡಕಿಗೆ ಸಿಕ್ಕಿದ್ದಾರೆ. ವಿಮಾನಯಾನದ ಚರಿತ್ರೆಯಲ್ಲಿ ಪ್ರಸಿದ್ಧಳಾದ ಅಮೇಲಿಯಾ ಇಯರ್‌ಹಾರ್ಟ್ ಭೂಪ್ರದಕ್ಷಿಣೆಗೆ ಹೊರಟು, 1937ರ ಮಾರ್ಚ್ 20ರಂದು ಹವಾಯಿಯ ಲೂಕ್ ಫೀಲ್ಡ್‌ನಿಂದ ಮೇಲೇರುವಾಗ ಇದೇ ಬಗೆಯಲ್ಲಿ ಹತೋಟಿ ತಪ್ಪಿದಳು. ಅವಳದು ಎರಡು ಎಂಜಿನ್ನಿನ ದೊಡ್ಡ ವಿಮಾನ. ಇಳಿಯುವಾಗಲ್ಲ, ಏರುವಾಗ ಆದದ್ದು. ಆದರೆ ಗಾಲಿ ಬಾಲದಲ್ಲಿಯೇ. ವಿಮಾನ ಸುತ್ತಿ, ಗಾಲಿಗಳ ಕಾಲು ಮುರಿದು, ಹೊಟ್ಟೆಯ ಮೇಲೆ ಜಾರಿ ನಿಂತಿತು. ಒಳಗಿದ್ದವರಿಗೆ ಏನೂ ಆಗಲಿಲ್ಲ. ಟೈರು ಒಡೆದದ್ದು ಕಾರಣವೆಂದು ಕೆಲವರು, ಎರಡು ಎಂಜಿನ್ನುಗಳ ಬಲವನ್ನು ಹೆಚ್ಚುಕಡಿಮೆ ಮಾಡಿ ದಿಕ್ಕು ತಿದ್ದಹೋದದ್ದು ಕಾರಣವೆಂದು ಕೆಲವರು. ಆ ವಾದ ಇಂದಿಗೂ ಬಗೆಹರಿದಿಲ್ಲ. ವಿಮಾನವನ್ನು ಹಡಗಿನಲ್ಲಿ ಕ್ಯಾಲಿಫೋರ್ನಿಯಕ್ಕೆ ಕಳಿಸಿ ದುರಸ್ತಿ ಮಾಡಿಸಿ, ಈ ಬಾರಿ ಪೂರ್ವಾಭಿಮುಖವಾಗಿ ಹೊರಟಳು. ಅದೇ ಜೂನಿನಲ್ಲಿ ಕರಾಚಿಗೂ ಕಲ್ಕತ್ತೆಗೂ ಬಂದು ಹೋದಳು. ಜುಲೈ 2ರಂದು ಪ್ರಶಾಂತ ಸಾಗರದ ಮೇಲೆ ಕಾಣೆಯಾದಳು.

ತರ್ಕವನ್ನು ಓದಿಕೊಂಡವನಾದ್ದರಿಂದ ನಾನು ನನ್ನ ರೀತಿಯಲ್ಲಿ ಯೋಚಿಸಿದೆ. ಇಲ್ಲದಿರುವಿಕೆಯೂ ಕಾರಣವಾಗಬಲ್ಲುದೇ ಎಂದು ನಮ್ಮ ನೈಯಾಯಿಕರಲ್ಲಿ ದೊಡ್ಡ ಚರ್ಚೆಯೇ ಇದೆ. ತಡೆಯುವ ವಸ್ತುವಿನ ಅಭಾವವೂ ಕಾರ್ಯಕ್ಕೆ ಒಂದು ಕಾರಣವೆಂದು ಅವರು ಒಪ್ಪುತ್ತಾರೆ. ಯಂತ್ರದ ಭಾರ ಹಿಂದಿರುವುದು ಅದರ ಸ್ವಭಾವ. ಅದು ಆ ದಿನ ಹೊಸದಾಗಿ ಬಂದದ್ದಲ್ಲ. ಗಾಳಿಯೂ ಹಾಗೆಯೇ, ಅದೇ ಸಂಜೆ ಅದೇ ಗಾಳಿಯಲ್ಲಿ ಅವನು ಅದಕ್ಕೆ ಮುಂಚೆ ಎರಡು ಸಲ ಇಳಿದಿದ್ದನಂತೆ. ಅಂದು ಮೂರನೆಯ ಸಲ ಇಲ್ಲದೆ ಹೋದದ್ದು ಕಾಲಿನ ಕೆಲಸ. ಆದುದರಿಂದ ಹುಡುಗ ಬರೆದದ್ದೇ ಸರಿ ಎಂಬ ನಿರ್ಣಯಕ್ಕೆ ಬಂದೆ. ಆದರೆ ಅದನ್ನು ತಂದೆಗೆ ಹೇಳುವುದು ಹೇಗೆಂದು ಅಳುಕುತ್ತಿದ್ದಾಗ ಸಾಹೇಬರೇ ಮಾತು ತೆಗೆದರು.

ಅವರಿಗೂ ಹೀಗಾಗಿತ್ತು. ಇಪ್ಪತ್ತಾರರ ವಯಸ್ಸು, ಶಿಕ್ಷಕನಾಗಿ ಆರೇ ತಿಂಗಳು. ಪುಷ್ಪಕದಲ್ಲಿ ಒಬ್ಬರೇ ಇಳಿಯುತ್ತಿದ್ದಾಗ, ದೂರದಲ್ಲಿ ನಿಂತಿದ್ದ ಶಿಷ್ಯನೊಬ್ಬ ಕೈಯೆತ್ತಿದನೆಂದು ಇವರೂ ಕೈಯೆತ್ತಿದರು. ಅಷ್ಟೇ. ಎಡರೆಕ್ಕೆಯ ಬಟ್ಟೆ ಹರಿದು ಕಟ್ಟಿಗೆ ಮುರಿಯಿತು. ವರದಿಯಲ್ಲಿ "ಆಕಸ್ಮಿಕ ಗಾಳಿಯ ಹೊಡೆತ" ಎಂದು ಬರೆದರು. ಎಲ್ಲರೂ ನಂಬಿದರು. "ನಂಬಿದರೋ, ನಂಬಿದಂತೆ ಮಾಡಿದರೋ ಗೊತ್ತಿಲ್ಲ ಪಂಡಿತರೇ. ಆದರೆ ಗಾಳಿಯ ತಪ್ಪು ಅಂತ ಬರೆದ ಮೇಲೆ ನನಗೆ ಯಾರೂ ಏನೂ ಕಲಿಸಲಿಲ್ಲ. ಕಲಿಸಲು ಏನಿತ್ತು? ಗಾಳಿಗೆ ಪಾಠ ಹೇಳಲಿಕ್ಕಾಗುತ್ತದೆಯೇ? ಮುಂದೆ ಎರಡು ವರ್ಷ ನಾನು ಗಾಳಿಯಿದ್ದ ದಿನ ಏನಾದರೊಂದು ನೆಪ ಹೇಳಿ ಹಾರುವುದನ್ನು ತಪ್ಪಿಸಿಕೊಂಡೆ. ನನ್ನ ಹುಡುಗರೂ ಅಡ್ಡಗಾಳಿಯಲ್ಲಿ ಇಳಿಯುವುದನ್ನು ಕಲಿಯಲಿಲ್ಲ. ಅವರಲ್ಲಿ ಒಬ್ಬ ಹೀಗೆಯೇ ಕೆಡವಿಕೊಂಡ. ಅವನ ಕಾಲು ಮುರಿಯಿತು. ಅವನೂ ಗಾಳಿ ಅಂತಲೇ ಬರೆದ."

ಇದನ್ನು ಅವರು ತಮ್ಮ ಮನೆಯವರ ಮುಂದೆಯೂ ಹೇಳಿರಲಿಲ್ಲವೆಂದು ಕಾಣುತ್ತದೆ. ಚಹಾ ತಂದ ಸೊಸೆ ಬಾಗಿಲಲ್ಲಿಯೇ ನಿಂತುಬಿಟ್ಟಿದ್ದಳು. ಕಡೆಗೆ ಮುಖ್ಯ ಶಿಕ್ಷಕರಿಗೆ ನಿಜ ಹೇಳಿಕೊಂಡೆನೆಂದೂ, ಅವರು ಬಯ್ಯಲಿಲ್ಲವೆಂದೂ, ಒಂದು ವಾರ ಪೂರ್ತಿ ಹಾರಲು ಬಿಡದೆ, ಪುಷ್ಪಕವನ್ನು ರನ್‌ವೇಯ ಮೇಲೆ ಉದ್ದಕ್ಕೂ ಓಡಿಸುತ್ತ, ತಿರುಗಿಸುತ್ತ, ಮತ್ತೆ ಓಡಿಸುತ್ತ ಕೇವಲ ಕಾಲುಗಳಿಗೆ ಕೆಲಸ ಕೊಟ್ಟರೆಂದೂ ಹೇಳಿದರು. ಎದುರಿಗೆ ಮೂಗು ಅಡ್ಡವಿರುವುದರಿಂದ ಇಂಥ ವಿಮಾನದಲ್ಲಿ ನೇರ ಮುಂದೆ ಏನೂ ಕಾಣುವುದಿಲ್ಲವಂತೆ. ದಾರಿಯ ಎರಡೂ ಅಂಚುಗಳನ್ನು ಕಡೆಗಣ್ಣಿನಲ್ಲಿ ಹಿಡಿದು, ಅಂಚು ಒಂದು ಕೂದಲೆಳೆಯಷ್ಟು ಸರಿದರೆ ಕಾಲು ಎದ್ದಿರಬೇಕು. ಆ ವಾರದಲ್ಲಿ ತಮಗೆ ಅದು ಬಂತೆಂದರು.

ಸಾಹೇಬರ ಅನುಮತಿಯಿಂದಲೇ ಈ ಸಂಗತಿಯನ್ನು ಹುಡುಗನ ತಂದೆಗೆ ತಿಳಿಸಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಅನಂತರ, ವಿಮಾ ಕಂಪನಿಯವರು ಹುಡುಗನ ಹೇಳಿಕೆಯನ್ನು ಒಪ್ಪಿ ದುರಸ್ತಿಯ ಹಣ ಕೊಡಲು ಮುಂದಾಗಿದ್ದಾರೆಂದೂ, ಅವನ ಪಾಲಿಗೆ ಬಂದ ಮೊತ್ತವೂ ಸಣ್ಣದಲ್ಲವೆಂದೂ ಹೇಳಿದರು. ಪ್ರೊಪೆಲರ್ ನೆಲಕ್ಕೆ ಬಡಿದರೆ ಹೊರಗೆ ಏನೂ ಕಾಣದಿದ್ದರೂ ಎಂಜಿನ್ನನ್ನು ಬಿಚ್ಚಿ ಒಳಗೆಲ್ಲ ಪರೀಕ್ಷಿಸಬೇಕಾಗುತ್ತದೆ. ಅದಕ್ಕೇ ಹೆಚ್ಚು ಖರ್ಚು. ತಾಯಿಗೆ ನಾನು ಹೇಳಬಹುದಾದದ್ದು ಇಷ್ಟೇ ಆಗಿತ್ತು: ಇಂಥ ಅವಘಡದಲ್ಲಿ ಬಹುತೇಕ ಮುರಿಯುವುದು ರೆಕ್ಕೆ, ಗಾಲಿ, ಅಭಿಮಾನ, ಪ್ರಾಣಕ್ಕೆ ಅಪಾಯ ವಿರಳ. ಆದರೆ ಇಲ್ಲವೇ ಇಲ್ಲವೆಂದು ನಾನು ಹೇಳಲಿಲ್ಲ, ಸಾಹೇಬರೂ ಹೇಳಿರಲಿಲ್ಲ. ಬುದ್ಧಿ ಹೇಳುವ ಕೆಲಸವನ್ನಂತೂ ನಾನು ಒಪ್ಪಿಕೊಳ್ಳಲಿಲ್ಲ. ತಾಯಿಗೆ ನನ್ನ ಮೇಲೆ ಕೆಲವು ದಿನ ಬೇಸರವಿತ್ತು.

ಹುಡುಗನಿಗೆ ಫೋನು ಮಾಡಿದಾಗ ಸಾಹೇಬರೂ ಪಕ್ಕದಲ್ಲಿದ್ದರು. ಇಬ್ಬರೂ ನನಗೆ ಅರ್ಥವಾಗದ ಭಾಷೆಯಲ್ಲಿ ಅರ್ಧ ಗಂಟೆ ಮಾತಾಡಿದರು. ಮೂರು ಗಾಲಿ ಒಟ್ಟಿಗೆ ಇಳಿಸುವುದು ಲೇಸೋ, ಬಾಲವನ್ನೆತ್ತಿ ಮುಂದಿನ ಎರಡು ಗಾಲಿಗಳ ಮೇಲೆ ಇಳಿಸುವುದು ಲೇಸೋ ಎಂಬ ವಾದ. ವೈಮಾನಿಕರು ತಲೆಮಾರುಗಳಿಂದ ಇದರಲ್ಲಿ ಎರಡು ಪಂಗಡವಂತೆ. ಕಡೆಗೆ ಸಾಹೇಬರು ಕೇಳಿದ್ದು ಒಂದು ವಿಚಿತ್ರ ಪ್ರಶ್ನೆ: ಆ ದಿನ ಯಾವ ಬೂಟು ಹಾಕಿದ್ದೆ? ಹುಡುಗ ತುಸು ಯೋಚಿಸಿ, ಚಳಿಗೆಂದು ಕೊಂಡ ದಪ್ಪ ಅಟ್ಟೆಯ ಬೂಟು ಎಂದ. "ಅದರಲ್ಲಿ ಪೆಡಲು ಮಾತಾಡಿದರೆ ನಿನಗೆ ಕೇಳುವುದಿಲ್ಲ ತಮ್ಮಾ. ತೆಳ್ಳನೆಯ ಅಟ್ಟೆ ಇರಬೇಕು," ಎಂದರು.

ತಾಯಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ಇದನ್ನು ಕೇಳಿಸಿಕೊಂಡಿದ್ದರು. ಏನೂ ಅನ್ನಲಿಲ್ಲ. ಮರುವಾರ ಆ ಕಡೆಗೆ ಹೊರಟಿದ್ದ ಬಂಧುಗಳ ಕೈಯಲ್ಲಿ ಶೇಂಗಾ ಚಟ್ನಿಪುಡಿ, ಹೋಳಿಗೆಗಳ ಜೊತೆಗೆ ಒಂದು ಜೊತೆ ಕ್ಯಾನ್ವಾಸ್ ಬೂಟನ್ನೂ ಕಟ್ಟಿಕೊಟ್ಟರೆಂದು ಅವರ ಯಜಮಾನರು ನನಗೆ ಹೇಳಿದರು. ಅಳತೆ ತಿಳಿಯಲೆಂದು ಮಗ ಬಿಟ್ಟುಹೋಗಿದ್ದ ಹಳೆಯ ಚಪ್ಪಲಿಯನ್ನು ಅಂಗಡಿಗೆ ಒಯ್ದಿದ್ದರಂತೆ.